ಹೊರಗೆ ಕುಳಿತ ಮೂರು ದಿನ

ಆರು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತು. ನನ್ನ ನಿಶ್ಚಿತಾರ್ಥ ಮುಗಿದು, ವೈಶಾಖದಲ್ಲಿ ಮದುವೆ ಎಂದು ಗೊತ್ತಾಗಿತ್ತು. ಹುಡುಗ ಮಂಜುನಾಥ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದರು. ನಾನು ಹಾವೇರಿಯಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರ್. ಸುಳ್ಳು ಹೇಳಬಾರದು ಎಂದು ದಿನಾ ಮಕ್ಕಳ ಕಿವಿ ಹಿಂಡುವವಳು.

ಮದುವೆಯ ಬ್ಲೌಸ್ ಹೊಲಿಯಲು ಕೊಡಬೇಕೆಂದು ಒಂದು ದಿನ ರಾಣೆಬೆನ್ನೂರಿಗೆ ಹೋಗಿದ್ದೆ. ಬ್ಲೌಸ್ ಕೊಟ್ಟಾದ ಮೇಲೆ ಮಂಜು ಅವರ ಬಾಡಿಗೆ ಕೋಣೆ ನೋಡಿ ಬರೋಣ ಎಂದು ಇಬ್ಬರೂ ಹೋದೆವು. ಬರೀ ನೋಡಿ ಬರುವುದಾಗಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈಗಲೂ ನಾಚಿಕೆ. ಬಲವಂತ ಯಾರದೂ ಇರಲಿಲ್ಲ, ಬುದ್ಧಿಯೂ ಯಾರಿಗೂ ಇರಲಿಲ್ಲ.

ಆ ತಿಂಗಳು ನಾನು ಮುಟ್ಟಾಗಲಿಲ್ಲ. ಒಂದು ದಿನ, ಎರಡು ದಿನ ಎನ್ನುತ್ತ ಒಂಬತ್ತು ದಿನ ಮೇಲಾಯಿತು. ಬೇರೆ ಮನೆಯಾಗಿದ್ದರೆ ಇದನ್ನು ಮುಚ್ಚಿಡಬಹುದಿತ್ತೇನೋ. ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂಡುವ ಪದ್ಧತಿ ಇನ್ನೂ ಇತ್ತು. ಹಿತ್ತಲ ಕಟ್ಟೆಯ ಮೇಲೆ ಒಂದು ಚಾಪೆ, ಒಂದು ತಾಟು, ಒಂದು ತಂಬಿಗೆ. ಯಾರನ್ನೂ ಮುಟ್ಟುವಂತಿಲ್ಲ, ನೀರಿನ ಕೊಡ ಮುಟ್ಟುವಂತಿಲ್ಲ. ಹೀಗಾಗಿ ಯಾರು ಯಾವಾಗ ಕೂಡಬೇಕು ಎನ್ನುವುದು ಮನೆಮಂದಿಗೆಲ್ಲ ಗೊತ್ತು. ಅಜ್ಜಿಗಂತೂ ಬಾಯಿಪಾಠ.

ಒಂದು ಮುಂಜಾನೆ ಬೇಳೆ ಆರಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದಳು. "ಯಾಕವಾ ಸುಮಾ, ಈ ತಿಂಗಳ ನೀ ಇನ್ನೂ ಹೊರಗ ಕುಂತಿಲ್ಲಲ್ಲ?"

"ಈಗ ಆಗೇನಿ ಅಜ್ಜಿ," ಎಂದುಬಿಟ್ಟೆ. ಹೇಳಿದ ಮೇಲೆ ಇನ್ನೇನು, ಶಾಲೆಗೆ ರಜೆ ಹೇಳಿ, ಎದ್ದು ಹೋಗಿ ಚಾಪೆಯ ಮೇಲೆ ಕುಳಿತೆ. ಏನೂ ಆಗದೆ ಹೊರಗೆ ಕುಳಿತವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಮಂಜು ಅವರಿಗೆ ಫೋನ್ ಮಾಡಿ ಪಿಸುಗುಟ್ಟಿದೆ. "ಇನ್ನೂ ಆಗಿಲ್ಲರಿ. ಸುಳ್ಳ ಹೇಳಿ ಹೊರಗ ಕುಂತೇನಿ."

ಅವರು, "ತಪ್ಪ ಇಬ್ಬರದೂ ಐತಿ, ಹೊರಗ ಕುಂತಾಕಿ ಮಾತ್ರ ನೀ ಒಬ್ಬಾಕಿ," ಎಂದರು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ನಾನು ಶಾಲೆಗೆಂದು ಹೊರಡುವುದು, ಇಬ್ಬರೂ ಬ್ಯಾಡಗಿಯಲ್ಲಿ ಸೇರಿ ಬಸಿರಿನ ಪರೀಕ್ಷೆಯ ಪಟ್ಟಿ ಕೊಳ್ಳುವುದು ಎಂದು ಗೊತ್ತುಮಾಡಿದೆವು. ಹಾವೇರಿಯಲ್ಲಿ ಅಂಗಡಿಯವರ ಮಕ್ಕಳೆಲ್ಲ ನನ್ನ ಶಾಲೆಯವರೇ, ರಾಣೆಬೆನ್ನೂರಿನಲ್ಲಿ ಎಲ್ಲರೂ ಅವರ ಗೆಳೆಯರೇ.

ಮದುವೆಗೆ ಇನ್ನೂ ಮೂರು ತಿಂಗಳ ಮೇಲಿತ್ತು. ಪರೀಕ್ಷೆಯಲ್ಲಿ ಹೌದೆಂದು ಬಂದರೆ ಅಕ್ಷತೆ ಬೀಳುವ ಹೊತ್ತಿಗೆ ನಾನು ಐದು ತಿಂಗಳ ಬಸುರಿ. ಅಪ್ಪ ಓಣಿಯಲ್ಲಿ ತಲೆ ಎತ್ತಿ ನಡೆಯುವ ಮನುಷ್ಯ. ಅಪ್ಪನ ಮುಖ ನೆನೆಸಿಕೊಂಡರೆ ತಾಟಿನಲ್ಲಿದ್ದ ಅನ್ನ ಸೇರುತ್ತಿರಲಿಲ್ಲ. ಹೊರಗೆ ಕುಳಿತವಳಿಗೆ ಹೊಟ್ಟೆನೋವು ಎಂದು ಅವ್ವ ಓಂಕಾಳಿನ ಕಷಾಯ ಮಾಡಿ ದೂರದಿಂದ ಇಟ್ಟುಹೋದಳು. ಅದನ್ನೂ ಕುಡಿದೆ.

ಈಗ ಅತ್ತಿಗೆಯ ವಿಷಯ ಹೇಳಬೇಕು. ರೇಣುಕಾ ಅತ್ತಿಗೆ, ಅಣ್ಣನ ಹೆಂಡತಿ. ಆಗ ಅವರಿಗೆ ಏಳು ತಿಂಗಳು. ಮೊದಲನೆಯದು ಮೂರನೇ ತಿಂಗಳಿಗೇ ಹೋಗಿತ್ತು, ಇದು ಎರಡನೆಯದು. ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಬಂದಾಗ ಮುಂದಿನ ನಲ್ಲಿಯಿಂದ ಹಿತ್ತಲ ಬಚ್ಚಲದ ಹಂಡೆಗೆ ಹೊತ್ತು ತುಂಬಬೇಕು. ಅವ್ವನಿಗೆ ಮೊಣಕಾಲು ನೋವು. ಅತ್ತಿಗೆ ಬಸುರಾದಾಗಿನಿಂದ ಆ ಕೆಲಸ ನನ್ನದೇ ಆಗಿತ್ತು.

ನಾನು ಕುಳಿತ ಮೂರನೇ ದಿನವೇ ನೀರು ಬರಬೇಕೇ! ಅಣ್ಣ, ಅಪ್ಪ ಇಬ್ಬರೂ ಆಗಲೇ ನಮ್ಮ ಅಂಗಡಿ ತೆರೆಯಲು ಹೋಗಿದ್ದರು. "ನಾನ ತರತೇನಿ ತಡಿ," ಎಂದು ಅವ್ವ ಏಳಲು ಹೋದರೆ ಅತ್ತಿಗೆ ಬಿಡಲಿಲ್ಲ. "ನೀವ ಕುಂದ್ರಿ ಅತ್ತಿ, ಎರಡ ಕೊಡ ಅಷ್ಟ," ಎಂದು ಸೆರಗು ಸಿಕ್ಕಿಸಿಕೊಂಡರು. ನಾನು ಚಾಪೆಯ ಮೇಲೆ ಕುಳಿತು ನೋಡಿದೆ. ನನ್ನ ಕೈಕಾಲು ಗಟ್ಟಿಯಾಗಿದ್ದವು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಎರಡನೇ ಕೊಡಕ್ಕೆ ಬಚ್ಚಲದ ಹತ್ತಿರ ಅವರ ಕಾಲು ಜಾರಿತು. ನನ್ನಿಂದ ಮೂರು ಹೆಜ್ಜೆ ದೂರದಲ್ಲಿ ಪಕ್ಕಕ್ಕೆ ಬಿದ್ದರು. ಕೊಡ ಉರುಳಿ ನೀರೆಲ್ಲ ಅವರ ಮೈಮೇಲೆ. "ಸುಮಾ!" ಎಂದು ಕೈ ಚಾಚಿದರು.

ನಾನು ಎದ್ದೆ. ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಅಜ್ಜಿಯ ತಲೆ ಕಂಡಿತು. ನಾನು ಹೊರಗಾದವಳು, ಮುಟ್ಟಬಾರದು ಎಂಬುದು ನೆನಪಾಗಿ ಕೈ ಹಿಂದೆ ತೆಗೆದುಕೊಂಡೆ. ಅಲ್ಲೇ ನಿಂತು "ಅವ್ವಾ, ಅವ್ವಾ" ಎಂದು ಚೀರಿದೆ. ಮೊಣಕಾಲು ನೋವಿನ ಅವ್ವ ಓಡಿ ಬಂದು ಅವರನ್ನು ಎತ್ತಿ ಕೂರಿಸುವವರೆಗೂ ನಾನು ಮೂರು ಹೆಜ್ಜೆ ದೂರದಲ್ಲೇ ಇದ್ದೆ.

ಅಜ್ಜಿ ಗೋಡೆ ಹಿಡಿದು ಬಂದು ನನ್ನನ್ನೇ ಬೈದಳು. "ಹುಚ್ಚಿ, ಅಂಥಾ ಹೊತ್ತಿನ್ಯಾಗ ಎಂಥಾ ಮಡಿ, ಎಂಥಾ ಮೈಲಿಗಿ? ಮೊದಲ ಎತ್ತಬೇಕು, ಆಮ್ಯಾಲ ಜಳಕ ಮಾಡಬೇಕು!" ಅಷ್ಟು ಕಟ್ಟುನಿಟ್ಟಿನ ಅಜ್ಜಿ ಹೇಳಿದ ಮಾತು ಇದು. ನಿಜವಾಗಿ ಮುಟ್ಟಾದವಳು ಯೋಚಿಸದೆ ಓಡಿಹೋಗಿ ಹಿಡಿಯುತ್ತಿದ್ದಳು. ಸುಳ್ಳು ಹೇಳಿ ಕುಳಿತ ನನಗೆ ಮಾತ್ರ ಮಡಿ ನೆನಪಾಗಿತ್ತು.

ಫೋನ್ ಹೋದ ಮೇಲೆ ಅಣ್ಣ ಆಟೊ ತಂದ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಕೂಸಿನ ಎದೆಬಡಿತ ಚೆನ್ನಾಗಿದೆ, ಆದರೂ ಮೂರು ದಿನ ಇಲ್ಲೇ ಮಲಗಿರಲಿ, ಆಮೇಲೇ ಧೈರ್ಯ ಹೇಳುತ್ತೇನೆ ಎಂದರು. ಇದನ್ನು ಅಣ್ಣ ಫೋನಿನಲ್ಲಿ ಹೇಳಿದ. ನಾನು ಹೊರಗಾದವಳು ಎಂದು ಆಸ್ಪತ್ರೆಗೂ ಹೋಗಿರಲಿಲ್ಲ.

ಮರುದಿನ ತಲೆಗೆ ನೀರು ಹಾಕಿಕೊಂಡು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಪೇಟೆ ತುಂಬಿದ್ದ ಕಾಲ, ಬಸ್ಸು ಇಳಿದವರೆಲ್ಲ ಸೀನುವವರೇ. ಮಂಜು ಅವರು ಧೈರ್ಯ ಮಾಡಿ ಒಂದು ಔಷಧಿ ಅಂಗಡಿಗೆ ಹೋದರು. ಬಾಯಿ ತೆರೆಯುವಷ್ಟರಲ್ಲಿ ಘಾಟು ಹತ್ತಿ ಕೆಮ್ಮು ಬಂತು. ಅಂಗಡಿಯ ಹಿರಿಯರು ಕೇಳದೆಯೇ ಕೆಮ್ಮಿನ ಔಷಧ ಕಟ್ಟಿಕೊಟ್ಟರು. ಇವರು ಅದನ್ನೇ ತೆಗೆದುಕೊಂಡು ಬಂದು ನನ್ನ ಮುಂದೆ ಹಿಡಿದರು! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಹಾಳಾದ ಸಿಟ್ಟು ಬಂತು. ವೇಲನ್ನು ಮುಖಕ್ಕೆ ಸುತ್ತಿಕೊಂಡು ಇನ್ನೊಂದು ಅಂಗಡಿಗೆ ನಾನೇ ಹೋದೆ. ಅಲ್ಲಿದ್ದ ಹೆಂಗಸು ನನ್ನ ಕಾಲುಂಗುರವಿಲ್ಲದ ಕಾಲು ನೋಡಿದಳು, ಏನೂ ಕೇಳದೆ ಕಾಗದದಲ್ಲಿ ಸುತ್ತಿ ಕೊಟ್ಟಳು. "ಮುಂಜಾನೆ ಎದ್ದ ಕೂಡ್ಲೆ ನೋಡಬೇಕ್ರಿ," ಎಂದಷ್ಟೇ ಹೇಳಿದಳು.

ಆ ದಿನ ಸಂಜೆ ಅತ್ತಿಗೆಯ ಜೊತೆಗೆ ಇರಲು ಆಸ್ಪತ್ರೆಗೆ ಹೋದೆ. ಬೆಳಗಾಗುತ್ತಲೇ ಅಲ್ಲಿನ ಪಾಯಖಾನೆಯಲ್ಲಿ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದೆ. ಒಂದೇ ಗೆರೆ. ಐದು ನಿಮಿಷ ಕಾದೆ, ಎರಡನೇ ಗೆರೆ ಬರಲಿಲ್ಲ. ನಾನು ಬಸುರಿ ಅಲ್ಲ. ಗೋಡೆಗೆ ಒರಗಿ ಬಾಯಿಗೆ ವೇಲು ತುರುಕಿಕೊಂಡು ನಕ್ಕೆ. ಮಂಜು ಅವರಿಗೆ "ಇಲ್ಲ" ಎಂದು ಒಂದೇ ಪದ ಕಳಿಸಿದೆ.

ಹೊರಗೆ ಬಂದಾಗ ಅತ್ತಿಗೆ ಎಚ್ಚರವಾಗಿದ್ದರು. ಕೈಗೆ ಸಲೈನ್ ಹಚ್ಚಿತ್ತು. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು. "ಏನಿಲ್ಲ, ಹೌದಲ್ಲ?"

ನಾನು ಪಟ್ಟಿಯನ್ನು ವೇಲಿನಲ್ಲಿ ಮುಚ್ಚಿಕೊಂಡೆ. "ನಿಮಗ ಹೆಂಗ ಗೊತ್ತು?"

"ಬಚ್ಚಲಾ ತೊಳಿಯಾಕಿ ನಾನ. ಮೂರ ದಿನ ಹೊರಗ ಕುಂತಾಕಿದು ಒಂದ ಗುರುತರ ಇರಬೇಕಲ್ಲ? ಮೊದಲನೇ ದಿನಾನ ಗೊತ್ತಾತು."

"ಗೊತ್ತಿದ್ರ ನನ್ನ ಎಬ್ಬಿಸಿ ನೀರ ಹೊರಸಬೇಕಿಲ್ಲ? ನೀವ್ಯಾಕ ಹೊತ್ತಿರಿ?"

ಅತ್ತಿಗೆ ಹೇಳಿದರು. "ಮೊದಲನೇ ಮೂರ ತಿಂಗಳ ಭಾರ ಎತ್ತಬಾರದು ಸುಮಾ. ನಂದು ಹಂಗ ಹೋತು. ನಿನ್ನ ಹೊಟ್ಟಿಯೊಳಗ ಏನರ ಇದ್ದಿದ್ರ? ಅದಕ್ಕ ನಾನ ಹೊತ್ತೆ."

ಆಗ ನನಗೆ ಅಳು ಬಂತು. ಸ್ವಲ್ಪ ಹೊತ್ತಿಗೆ ಮುಂಚೆ ನಕ್ಕದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಇರುವ ಕೂಸನ್ನು ಹೊತ್ತವರು ಇಲ್ಲದ ಕೂಸಿಗಾಗಿ ನೀರು ಹೊತ್ತಿದ್ದರು. ನಾನು ಅವರಿಗೆ ಕೈ ಕೊಟ್ಟಿರಲಿಲ್ಲ. ನಾನು ಹೊರಗಾಗಿಲ್ಲ ಎಂದು ಗೊತ್ತಿದ್ದೇ ಅವರು ಅವತ್ತು ನನ್ನ ಕಡೆ ಕೈ ಚಾಚಿದ್ದರು.

ಎರಡು ದಿನ ಬಿಟ್ಟು ನಿಜವಾಗಿ ಮುಟ್ಟಾದೆ. ಮತ್ತೆ ಹೊರಗೆ ಕೂಡುವುದು ಹೇಗೆ? ಯಾರಿಗೂ ಹೇಳದೆ ಅಡುಗೆ ಮಾಡಿದೆ, ದೇವರಿಗೆ ದೀಪ ಹಚ್ಚಿದೆ. ದೇವರು ಏನೂ ಅನ್ನಲಿಲ್ಲ. ವೈಶಾಖದಲ್ಲಿ ಮದುವೆಯಾಯಿತು. ಅದಕ್ಕೂ ಮೊದಲೇ ಅತ್ತಿಗೆಗೆ ಹೆಣ್ಣುಮಗು, ತೂಕ ಸ್ವಲ್ಪ ಕಡಿಮೆ ಎನ್ನುವುದು ಬಿಟ್ಟರೆ ಗಟ್ಟಿಮುಟ್ಟು. ನಾನು ಸುಳ್ಳು ಹೇಳಿ ಹೊರಗೆ ಕುಳಿತದ್ದು ಮಂಜು ಅವರಿಗೆ ಗೊತ್ತು, ಅತ್ತಿಗೆ ಬಿದ್ದದ್ದೂ ಗೊತ್ತು. ನಾನು ಕೈ ಹಿಂದೆ ತೆಗೆದುಕೊಂಡದ್ದು ಗೊತ್ತಿಲ್ಲ. ಇದನ್ನು ಓದಿಯೇ ಗೊತ್ತಾಗಬೇಕು.

ಅತ್ತಿಗೆ ಆ ಕೈಯ ವಿಷಯ ಒಂದು ದಿನವೂ ಎತ್ತಿಲ್ಲ. ಬದಲಿಗೆ ಪ್ರತಿ ವರ್ಷ ಮಗಳ ಹುಟ್ಟುಹಬ್ಬಕ್ಕೆ ಬಂದವರ ಮುಂದೆಲ್ಲ ಹೇಳುತ್ತಾರೆ. "ಅವತ್ತ ನಮ್ಮ ಸುಮಾ ಚೀರದಿದ್ರ ನನ್ನ ಕೂಸು ನನಗ ದಕ್ಕತಿರಲಿಲ್ಲ." ನನ್ನ ಮಾನ ಉಳಿಸಲು ಹಾಗೆ ಹೇಳುತ್ತಾರೋ, ನಿಜವಾಗಿ ಹಾಗೇ ನಂಬಿದ್ದಾರೋ, ಕೇಳುವ ಧೈರ್ಯ ನನಗೆ ಆರು ವರ್ಷದಲ್ಲಿ ಬಂದಿಲ್ಲ. ಆಮೇಲೆ ಮಗಳ ಕೈಗೆ ಹೋಳಿಗೆಯ ತುಂಡು ಕೊಟ್ಟು, "ಮೊದಲ ನಿಮ್ಮ ಸುಮಾ ಅತ್ತಿ ಬಾಯಾಗ ಇಡವಾ, ನಿನ್ನ ಉಳಿಸಿದಾಕಿ," ಎನ್ನುತ್ತಾರೆ. ಎಲ್ಲರೂ ನನ್ನನ್ನೇ ನೋಡುತ್ತಾರೆ. ನಾನು ಬಾಯಿ ತೆರೆದು ತಿನ್ನುತ್ತೇನೆ.