ಅಕ್ಕನ ಪಾಲಿನ ಸಾಲು

ಪ್ರಾರ್ಥನೆಗೆ ಮಂಡಿಯೂರಿದ ಕೂಡಲೇ ನನಗೆ ನಿದ್ದೆ ಬರುತ್ತದೆ. ಯಾವ ಗುಳಿಗೆಯೂ ಇಷ್ಟು ಖಚಿತವಾಗಿ ಕೆಲಸ ಮಾಡುವುದಿಲ್ಲ. ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿಯುವವಳಾದ್ದರಿಂದ ಇದನ್ನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ. ನನ್ನಕ್ಕ ಹಾಗಲ್ಲ. ಹಾಸನದಿಂದ ಹೋಗಿ ವಿಜಯವಾಡದ ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಸಿಸ್ಟರ್ ಆಗಿದ್ದವಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಎಂದು ದಿನವನ್ನು ಪ್ರಾರ್ಥನೆಯಿಂದಲೇ ಅಳೆಯುತ್ತಿದ್ದಳು. ನಾನು ಕಾಫಿಯಿಂದ ಅಳೆಯುತ್ತಿದ್ದೆ.

ಎರಡು ಸಾವಿರದ ಐದರ ಸುಮಾರು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಮನೆಗೆ ಅಕ್ಕ ಒಂದು ವಾರದ ರಜೆಗೆಂದು ಬಂದಿದ್ದಳು. ಮೂರನೆಯ ದಿನ ನನ್ನೊಡನೆ ಮಾತಾಡುತ್ತಿದ್ದವಳ ಬಾಯಿ ಒಂದು ಕಡೆಗೆ ವಾಲಿತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು, ಮಾತು ಹೋಯಿತು. "ನೀಳ್ಳು ಕಾವಾಲಾ ಅಮ್ಮಾ?" ಎಂದು ನರ್ಸ್ ಕೇಳಿದರೆ ತುಟಿ ಅಲ್ಲಾಡಿಸಿ, ಸೋತು, ಗೋಡೆಯತ್ತ ತಿರುಗುತ್ತಿದ್ದಳು. ನೀರು ಎಂಬ ಮಾತೂ ಅವಳಿಗೆ ಸಿಗುತ್ತಿರಲಿಲ್ಲ.

ಆರನೆಯ ದಿನ, ಬೇರೇನೂ ತೋಚದೆ, ಅವಳ ಚೀಲದಲ್ಲಿದ್ದ ತೆಲುಗು ಪ್ರಾರ್ಥನೆ ಪುಸ್ತಕ ತೆರೆದೆ. ನನ್ನ ತೆಲುಗು ತರಕಾರಿ ಅಂಗಡಿಯಲ್ಲಿ ಕಲಿತದ್ದು; ಕೀರ್ತನೆ ಓದಿದರೂ ಬದನೆಕಾಯಿಗೆ ಚೌಕಾಸಿ ಮಾಡಿದಂತೆ ಕೇಳಿಸುತ್ತದೆ. ಕಾನ್ವೆಂಟಿನಲ್ಲಾದರೆ ಎದುರುಬದುರು ಕೂತ ಎರಡು ಗುಂಪುಗಳು ಒಂದೊಂದು ಸಾಲನ್ನು ಸರದಿಯಂತೆ ಹೇಳುತ್ತವೆ. ನಾನೊಂದು ಸಾಲು ಓದಿ ಉಸಿರಿಗಾಗಿ ನಿಂತೆ. ಮುಂದಿನ ಸಾಲು ಹಾಸಿಗೆಯಿಂದ ಬಂತು, ಒಂದಕ್ಷರವೂ ತೊದಲದೆ.

"ಅಕ್ಕಾ, ನಾನ್ಯಾರು ಹೇಳೇ" ಎಂದೆ.

ಅವಳು ನನ್ನನ್ನೇ ನೋಡಿದಳು. ಮಾತು ಹೊರಡಲಿಲ್ಲ.

"ರೋಜೂ ಚೆಪ್ಪಿನ ಮಾಟಲು ವೇರೇ ಚೋಟ ಉಂಟಾಯಂಡಿ" ಎಂದರು ಡಾಕ್ಟರು. ದಿನವೂ ಹೇಳಿದ್ದು ಮೆದುಳಿನ ಬೇರೆ ಜಾಗದಲ್ಲಿ ಉಳಿದಿರುತ್ತದಂತೆ. ನನಗೆ ಸಮಾಧಾನವಾಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು. ದೇವರ ಸಾಲುಗಳೆಲ್ಲ ಉಳಿದುವು, ನನ್ನ ಹೆಸರು ಮಾತ್ರ ಅಳಿಸಿಹೋಗಿತ್ತು. ಮೂವತ್ತು ವರ್ಷದಲ್ಲಿ ನಾನು ಅವಳಿಗೆ ಬರೆದ ಕಾಗದಗಳು ಎಷ್ಟು ಕಡಿಮೆ ಎಂಬುದು ಆಗ ನೆನಪಾಯಿತು.

ಆದರೂ ರಜೆ ಹಾಕಿ, ಹೊತ್ತುಹೊತ್ತಿಗೆ ಓದಿದೆ. ನಿದ್ದೆ ಬರಲಿಲ್ಲ. ನನ್ನ ಉಚ್ಚಾರ ತಪ್ಪಿದರೆ ಅಕ್ಕ ಹುಬ್ಬು ಗಂಟಿಕ್ಕುತ್ತಿದ್ದಳು. ಅದೊಂದೇ ನಮ್ಮಿಬ್ಬರ ಖಾಸಗಿ ಮಾತುಕತೆಯಾದ್ದರಿಂದ, ಕೆಲವೊಮ್ಮೆ ಬೇಕೆಂದೇ ತಪ್ಪು ಓದುತ್ತಿದ್ದೆ.

ಮೂರನೆಯ ವಾರ ಮೆದುಳಿಗೆ ಎರಡನೆಯ ಆಘಾತವಾಯಿತು. ಆ ಸಂಜೆ ನನ್ನ ಸಾಲು ಓದಿ ಕಾದೆ. ಮತ್ತೆ ಓದಿದೆ, ಮತ್ತೆ ಕಾದೆ. ಕೊನೆಗೆ ಅವಳ ಸಾಲನ್ನೂ ನಾನೇ ಓದಿದೆ. ಮರುದಿನ ಮಧ್ಯಾಹ್ನ ಅಕ್ಕ ಹೋದಳು.

ವಿಜಯವಾಡದಲ್ಲಿ ಮಣ್ಣುಮಾಡಿ, ಆ ರಾತ್ರಿ ಕಾನ್ವೆಂಟಿನಲ್ಲೇ ಉಳಿದೆ. ಬೆಳಿಗ್ಗೆ ಆರಕ್ಕೆ ಗಂಟೆ ಹೊಡೆಯಿತು. ಸಿಸ್ಟರುಗಳು ಎಂದಿನಂತೆ ಎರಡು ಗುಂಪಾಗಿ ಕೂತರು. ನನ್ನನ್ನು ಅಕ್ಕನ ಜಾಗದಲ್ಲೇ ಕೂರಿಸಿದರು. ಇಷ್ಟು ದಿನ ಎದುರಿನ ಸಾಲನ್ನೇ ಓದಿದ್ದ ನನಗೆ ಅವಳ ಪಾಲಿನ ಸಾಲುಗಳಿಗೆ ನಾಲಿಗೆ ಹೊರಳಲಿಲ್ಲ. ಒಂದು ಹೊತ್ತಾದರೂ ಇವರು ಸುಮ್ಮನಿರಬಾರದಿತ್ತೇ ಎಂದು ಸಿಟ್ಟು ಬಂತು.

ಊಟದ ಕೋಣೆಯಲ್ಲಿ ಬಡಿಸುತ್ತಿದ್ದ ಅನಕಾಪಲ್ಲಿಯ ಮುದುಕಿ ಸಿಸ್ಟರನ್ನು ಕೇಳಿಯೇಬಿಟ್ಟೆ: "ಇವತ್ತೊಂದಿನ ಪ್ರಾರ್ಥನೆ ನಿಲ್ಲಿಸೋಕಾಗ್ತಿರಲಿಲ್ವಾ?" ನಮ್ಮಕ್ಕನ ಜೊತೆಯಿದ್ದು ಅವರಿಗೆ ಕನ್ನಡ ತಿಳಿಯುತ್ತಿತ್ತು.

"ವಂಟ ಆಪಲೇದು ಕದಮ್ಮಾ" ಎಂದರು ಅವರು. ಅಡುಗೆಯನ್ನೇನೂ ನಿಲ್ಲಿಸಲಿಲ್ಲವಲ್ಲ ಎಂದು. ನನ್ನ ತಟ್ಟೆಗೆ ಬಿಸಿ ಉಪ್ಪಿಟ್ಟು ಬಡಿಸಿ, ನಾನು ಕೈ ಹಾಕುವವರೆಗೂ ಪಕ್ಕದಲ್ಲೇ ನಿಂತರು.

ಎರಡು ದಿನದಿಂದ ಏನೂ ತಿಂದಿರಲಿಲ್ಲ. ನಾಚಿಕೆಯಾಯಿತು, ಆದರೂ ಎರಡನೆಯ ಸಲ ತಟ್ಟೆ ಮುಂದಕ್ಕೆ ಚಾಚಿದೆ.