ಅಕ್ಕನ ಹಾಲಿಗೆ ಇಳಿದ ಬೇರು

ತುಂಗಭದ್ರೆಗೆ ಇನ್ನೂ ಅಣೆಕಟ್ಟು ಕಟ್ಟಿರದ ಕಾಲ. ಅಕ್ಕ ಚೊಚ್ಚಲ ಹೆರಿಗೆಗೆಂದು ಕಂಪ್ಲಿಯ ನಮ್ಮ ಮನೆಗೆ ಬಂದಿದ್ದಳು. ಗಂಡು ಮಗು ಹುಟ್ಟಿತು. ವಾರ ಕಳೆಯುವುದರೊಳಗೆ ಅವಳ ನಿದ್ದೆ ಹಾರಿಹೋಯಿತು. "ಇದು ನನ್ನ ಕೂಸಲ್ಲ, ಯಾರೋ ಬದಲು ಮಾಡ್ಯಾರ!" ಎಂದು ಕಿರುಚತೊಡಗಿದಳು. ಒಂದು ಬೆಳಿಗ್ಗೆ ಕೂಸನ್ನೆತ್ತಿಕೊಂಡು ಹಿತ್ತಲ ಬಾವಿಯ ಕಟ್ಟೆ ಹತ್ತಿಬಿಟ್ಟಳು. ಹಿಂದಿನಿಂದ ಅವಳ ಸೊಂಟ ತಬ್ಬಿ ಹಿಡಿದವಳು ನಾನೇ. ಹಾಗೇ ಹಿಡಿದು ಕೆಳಗಿಳಿಸಿದೆ.

ಅಪ್ಪ ಸಂಡೂರಿನಿಂದ ಪರಿಚಯದ ನಾಟಿವೈದ್ಯ ಪಂಡಿತರೊಬ್ಬರನ್ನು ಕರೆತಂದರು. ಅವರು ಬುದ್ಧಿ ಕೆಟ್ಟವರನ್ನು ಮಲಗಿಸಲು ಕೊಡುವ ಸರ್ಪಗಂಧದ ಬೇರು ಕುಟ್ಟಿ, ಆ ಕಹಿ ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೊಡಿಸಿ, ಗುಣ ಕಾಣುವವರೆಗೆ ನಮ್ಮಲ್ಲೇ ಉಳಿದರು. ಕಿರುಚಾಟ ನಿಂತಿತು. ಅಕ್ಕ ಸದಾ ಮಂಪರಿನಲ್ಲಿ, ಮೂಗು ಕಟ್ಟಿಕೊಂಡು, ಬಾಯಿಂದ ಉಸಿರಾಡುತ್ತ ಮಲಗಿರುತ್ತಿದ್ದಳು. ಅವ್ವ ಕೂಸನ್ನು ಅವಳ ಎದೆಗೆ ಹಿಡಿದು ಹಾಲು ಕುಡಿಸುತ್ತಿದ್ದಳು.

ಆಮೇಲೆ ಕೂಸು ಅಳುವುದನ್ನು ಬಿಟ್ಟಿತು. ಸದ್ಯ, ಮನೆ ತಣ್ಣಗಾಯಿತು ಎಂದುಕೊಂಡೆವು. ಆದರೆ ಎಣ್ಣೆ ಹಚ್ಚಲು ಎತ್ತಿಕೊಂಡರೆ ಅದರ ಕೈಕಾಲು ಜೋತುಬಿದ್ದವು. ಮೈ ತಣ್ಣಗಿತ್ತು. ಪುಟ್ಟ ಮೂಗು ಕಟ್ಟಿ ಗೊರಗೊರ ಎನ್ನುತ್ತಿತ್ತು. ಅಂಗಾಲು ತಿಕ್ಕಿದರೂ ಕಣ್ಣು ತೆರೆಯಲಿಲ್ಲ. ಅಕ್ಕನ ಕಡೆ ನೋಡಿದೆ. ಅದೇ ಕಟ್ಟಿದ ಮೂಗು, ಅದೇ ಮಂಪರು. ಅವ್ವನನ್ನು ಕೂಗಿದೆ.

"ಅವ್ವಾ, ಹಾಲು ಕುಡಿಸಬ್ಯಾಡ! ಆ ಬೇರು ಕೂಸಿಗೂ ಹತ್ತೈತಿ!"

ಪಡಸಾಲೆಯಿಂದ ಓಡಿಬಂದ ಪಂಡಿತರು ಕೂಸಿನ ಎದೆಗೆ ಕಿವಿಯಿಟ್ಟರು. ಅವರ ಮುಖ ಬಿಳಿಚಿಕೊಂಡಿತು. "ಹಾಲಿನಾಗ ಇಳೀತೈತಿ ಅಂತ ನನಗ ಹೊಳೀಲಿಲ್ಲವ್ವ. ಬ್ಯಾರೆ ಯಾರದರ ಹಾಲು ಕುಡಸ್ರಿ, ಜಲ್ದಿ!"

ಹಿಂದಿನ ಓಣಿಯ ಬಾಣಂತಿಯೊಬ್ಬಳನ್ನು ಕೈಹಿಡಿದು ಎಳೆದುಕೊಂಡೇ ಬಂದೆ. ಕೂಸಿಗೆ ಚೀಪಲೂ ಆಗಲಿಲ್ಲ. ಅವಳು ಬಟ್ಟಲಿಗೆ ಹಾಲು ಹಿಂಡಿಕೊಟ್ಟಳು. ಕೂಸನ್ನು ಸೆರಗಿನೊಳಗೆ ಬೆಚ್ಚಗೆ ಅವುಚಿಕೊಂಡು, ಅರಳೆಯಿಂದ ತುಟಿಗೆ ಹನಿ ಹನಿಯಾಗಿ ಬಿಟ್ಟೆ. ಒಂದು ಉಸಿರು ಬಂದರೆ, ಇನ್ನೊಂದು ಬರುತ್ತದೋ ಇಲ್ಲವೋ ಎಂದು ಅದರ ಮೂಗನ್ನೇ ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ ಕೂಸು ಅತ್ತಿತು, ಬೆಕ್ಕಿನ ಮರಿಯಂಥ ಸಣ್ಣ ದನಿಯಲ್ಲಿ. ಅವ್ವ ಕುಸಿದು ಕುಳಿತು ತಾನೂ ಅತ್ತಳು.

ಪಂಡಿತರು ಪುಡಿಯ ಪ್ರಮಾಣ ತಗ್ಗಿಸಿದರು. ಅಕ್ಕ ನಿಧಾನವಾಗಿ ಮೊದಲಿನಂತಾದಳು. ಅಷ್ಟರಲ್ಲಿ ಅವಳ ಹಾಲು ಬತ್ತಿತ್ತು. ಕೂಸು ಆ ಬಾಣಂತಿಯ ಮಡಿಲಲ್ಲೇ ಹಾಲು ಕುಡಿದು ಬೆಳೆಯಿತು. ನನ್ನ ಹೆದರಿಕೆ ಮಾತ್ರ ಬಹಳ ದಿನ ಹೋಗಲಿಲ್ಲ. ಕೂಸು ಮಲಗಿದಾಗಲೆಲ್ಲ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದೆ.

"ಮಲಕ್ಕೊಳ್ಳಲಿ ಬಿಡಲೇ, ಎಬ್ಬಸಬ್ಯಾಡ" ಎಂದು ಅಕ್ಕ ನನ್ನ ಕೈ ಸರಿಸುತ್ತಿದ್ದಳು.