ಪಿಕಪ್ಪಿನ ಹಿಂದಿನ ಗಾಜಿಗೆ ಮೋಟರು ಕೂರಿಸಿದ್ದು

ನಮ್ಮ ಪಿಕಪ್ಪಿನ ಚಾವಿ ಮೂರು ತಿಂಗಳು ಆಯಿಯ ಸೆರಗಿನ ಗಂಟಿನಲ್ಲಿತ್ತು. ಆಯಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ಅವಳು ಕಸಿದುಕೊಂಡದ್ದನ್ನು ವಾಪಸು ಕೇಳುವ ಧೈರ್ಯ ಯಾರಿಗೂ ಇಲ್ಲ, ಅಪ್ಪನಿಗೂ ಇರಲಿಲ್ಲ.

ಕಾರಣ ಇಷ್ಟೇ. ಕೊಟ್ಟಿಗೆಯ ತಗಡು ಬಿಗಿಯಲು ಹತ್ತಿದ್ದ ಅಪ್ಪ ಜಾರಿ ಬಿದ್ದು ಎಡಭುಜ ಕೆಡಿಸಿಕೊಂಡಿದ್ದ. ಸ್ಟೇರಿಂಗು ಹಿಡಿಯಲು, ಗೇರು ಹಾಕಲು ತೊಂದರೆಯಿರಲಿಲ್ಲ. ಕೈ ಹಿಂದಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಡ್ರೈವರನ ಬೆನ್ನ ಹಿಂದಿನ ಸರಿಸುವ ಗಾಜನ್ನು ತೆಗೆಯಬೇಕೆಂದರೆ ಇಡೀ ಮೈ ತಿರುಗಿಸಬೇಕು. ಗಾಜು ತೆಗೆಯದಿದ್ದರೆ ಹಿಂದೆ ಕೂತವರು ಕೂಗಿದ್ದು ಕೇಳುವುದಿಲ್ಲ. ತೆಗೆದೇ ಇಟ್ಟರೆ ಧೂಳೆಲ್ಲ ಒಳಗೆ. ಒಂದು ದಿನ ಅಫಜಲಪುರದ ರಸ್ತೆಯಲ್ಲಿ ಅಪ್ಪ ಹಾಗೆ ತಿರುಗಿದಾಗ ಗಾಡಿ ಮೋರಿಯ ಕಡೆ ಸರಿಯಿತು. ಏನೂ ಆಗಲಿಲ್ಲ. ಆದರೆ ಹಿಂದೆ ಕೂತಿದ್ದ ಆಯಿ ಮನೆಗೆ ಬಂದು ಇಳಿದವಳೇ ಕೈ ಚಾಚಿದಳು.

“ಚಾವಿ ಕೊಡು. ನಿನ್ನ ಹಡದೇನಿ, ಮೋರ್ಯಾಗ ಹುಡುಕಾಕ ಹಡದಿಲ್ಲ.”

ಅಪ್ಪ ಕೊಟ್ಟ. ಮರುದಿನದಿಂದ ಅವನದೊಂದು ರೂಢಿ ಶುರುವಾಯಿತು. ಮುಂಜಾನೆ ಚಹಾದ ಕಪ್ಪು ಹಿಡಿದು ಹೋಗಿ, ನಿಂತ ಗಾಡಿಯ ಡ್ರೈವರ್ ಸೀಟಿನಲ್ಲಿ ಕೂತು ಕುಡಿಯುವುದು. ಕುಡಿದು ಕಪ್ಪನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಸ್ವಲ್ಪ ಹೊತ್ತು ಮುಂದೆ ನೋಡುವುದು. ಮುಂದೆ ಇದ್ದದ್ದು ನಮ್ಮದೇ ಕೊಟ್ಟಿಗೆಯ ಗೋಡೆ.

ನಾನು ಇದನ್ನು ಕಂಡದ್ದು ದಸರೆಯ ರಜೆಗೆ ಬಂದಾಗ. ಜೇವರ್ಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಇರುವುದು ಆಳಂದ ತಾಲ್ಲೂಕಿನಲ್ಲಿ, ಮಟಕಿಯ ಹತ್ತಿರ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ನನ್ನಿಂದಲೇ ಶುರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಬಿಎಸ್ಸಿ ಓದುವಾಗ ಎಷ್ಟೋ ಸಲ ಇದೇ ಪಿಕಪ್ಪಿನ ಹಿಂದೆ, ತೊಗರಿ ಚೀಲಗಳ ಮೇಲೆ ಕೂತು ಕಲಬುರಗಿಗೆ ಹೋಗಿದ್ದೇನೆ. ಅಪ್ಪ ಹಿಂದಿನ ಗಾಜು ಸರಿಸಿ ಕೇಳುತ್ತಿದ್ದ, “ಏನ್ ಓದಾಕತ್ತಿ ಬೇ?” ನಾನು ಗಾಳಿಗೆ ಎದುರಾಗಿ ಕೂಗಿ ಹೇಳುತ್ತಿದ್ದೆ. ಅಪ್ಪನಿಗೆ ಅರ್ಧ ಕೇಳುತ್ತಿರಲಿಲ್ಲ, ಕೇಳಿದ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಕಲಬುರಗಿ ಬರುವತನಕ ಗಾಜು ಮುಚ್ಚುತ್ತಿರಲಿಲ್ಲ.

ಆ ಗಾಜಿಗಾಗಿ ಅಪ್ಪ ಗಾಡಿ ಬಿಡಬೇಕೆಂದರೆ ನನ್ನ ಡಿಗ್ರಿ ಯಾತಕ್ಕೆ ಅನ್ನಿಸಿತು.

ಆಯಿಯ ಹತ್ತಿರ ಹೋಗಿ ಕೂತೆ. “ಆಯಿ, ಕೈ ಹಿಂದ ಹಾಕ್ದಂಗ ಗಾಜು ತಾನೇ ಸರದ್ರ ಚಾವಿ ಕೊಡ್ತಿಯೇನು?”

“ತಾನೇ ಸರೀಲಿಕ್ಕೆ ಅದಕ್ಕೇನು ಕಾಲದಾವೇನು?”

“ಮೋಟರ್ ಹಚ್ಚತೇನಿ.”

ಆಯಿ ಅಡಕೆ ಕತ್ತರಿಸುತ್ತ ಯೋಚಿಸಿದಳು. “ಎಳ್ಳ ಅಮಾಸಿ ದಿನ ಹೊಲಕ್ಕ ಕರಕೊಂಡು ಹೋಗಲಿ. ನಾನೇ ಹಿಂದ ಕೂತು ನೋಡ್ತೇನಿ. ಆಮ್ಯಾಲೆ ಮಾತು.”

ಅಫಜಲಪುರದ ಗುಜರಿ ಅಂಗಡಿಯಲ್ಲಿ ಜಜ್ಜಿಹೋದ ಕಾರಿನ ಬಾಗಿಲೊಂದು ಸಿಕ್ಕಿತು. ಅದರ ಗಾಜು ಏರಿಸಿ ಇಳಿಸುವ ಮೋಟರು ಜೀವಂತವಾಗಿತ್ತು. ಅದನ್ನು ಬಿಚ್ಚಿಸಿಕೊಂಡು ಆಳಂದದ ಒಬ್ಬ ವೈರಿಂಗ್ ಉಸ್ತಾದರ ಬಳಿ ಹೋದೆ. ಕಾಗದದ ಮೇಲೆ ನಾನು ಬರೆದಿದ್ದ ಚಿತ್ರವನ್ನು ಅವರು ತಲೆಕೆಳಗು ಹಿಡಿದು ನೋಡಿದರು, ಆಮೇಲೆ ನೆಟ್ಟಗೆ.

“ಅಕ್ಕೋರೆ, ಚಿತ್ರ ಭಾಳ ಛಲೋ ತಗದೀರಿ. ಇದಕ್ಕ ಮಾರ್ಕ್ಸ್ ಎಷ್ಟು ಕೊಡ್ತಾರ?”

“ನೀವೇ ಕೊಡ್ರಿ.”

“ಗಾಜು ಸರದ ಮ್ಯಾಲೆ ಕೊಡ್ತೇನ್ರಿ.”

ನಾಲ್ಕು ಭಾನುವಾರ ಹಿಡಿಯಿತು. ಗಾಜು ಓಡಾಡುವ ತೋಡಿನೊಳಗೆ ಕರಿಮಣ್ಣು, ತೊಗರಿ ಹೊಟ್ಟು, ಒಣಮೆಣಸಿನ ಬೀಜ ಸೇರಿ ಸಿಮೆಂಟಿನಂತಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಮೇಣದ ಬತ್ತಿ ಸವರಿದೆ. ಮೋಟರನ್ನು ಸೀಟಿನ ಹಿಂದಿನ ತಗಡಿಗೆ ಬಿಗಿದೆವು. ಗಾಜಿನ ಚೌಕಟ್ಟಿನ ಎರಡು ತುದಿಗೆ ಎರಡು ಸಣ್ಣ ಗಾಲಿ, ಅವುಗಳ ಮೇಲೆ ಹಾಯ್ದುಹೋಗುವ ಉಕ್ಕಿನ ತಂತಿ, ತಂತಿಯನ್ನು ಗಾಜಿಗೆ ಕಚ್ಚಿ ಹಿಡಿಯುವ ಒಂದು ಪಟ್ಟಿ. ಆ ಪಟ್ಟಿಗೆ ನಾನು ಪಾನಾದಿಂದ ಬಿಗಿಯುವ ನಟ್ಟು ಹಾಕಿದ್ದೆ. ಉಸ್ತಾದರು ಅದನ್ನು ತೆಗೆದು ಬೆರಳಿನಿಂದ ತಿರುಗಿಸುವ, ಎರಡು ಕಿವಿಯ ನಟ್ಟು ಹಾಕಿದರು.

“ಕರೆಂಟ್ ಕೈ ಕೊಟ್ರ ಪಾನಾ ಹುಡುಕೋತ ಕೂಡ್ತೀರೇನ್ರಿ? ಇದು ಸಡ್ಲ ಮಾಡಿದ್ರ ಗಾಜು ಕೈಲೆ ಸರೀತದ.”

ನನಗೆ ಅದು ಅಷ್ಟು ಮುಖ್ಯವೆನಿಸಲಿಲ್ಲ. ಹಿರಿಯರ ಮಾತೆಂದು ಬಿಟ್ಟೆ.

ಡ್ಯಾಶ್‌ಬೋರ್ಡಿನ ಗುಂಡಿಯನ್ನು ಆರಿಸಿದ್ದು ನಾನು. ಒಮ್ಮೆ ಒತ್ತಿದರೆ ಒತ್ತಿದಲ್ಲೇ ನಿಲ್ಲುವ ಗುಂಡಿ. ಅಪ್ಪನ ಕೈ ಕೂಡಲೇ ಸ್ಟೇರಿಂಗಿಗೆ ಮರಳಲಿ ಎಂಬುದು ನನ್ನ ಲೆಕ್ಕ. ಗಾಜು ಪೂರ್ತಿ ಸರಿದ ಮೇಲೆ ಗುಂಡಿಯನ್ನು ನಡುವಿಗೆ ತಂದು ಬಿಡಬೇಕು, ಅಷ್ಟೇ. ಆದರೆ ಅಪ್ಪ ಅದನ್ನು ಮರೆಯುತ್ತಿದ್ದ. ಅಂಗಳದಲ್ಲಿ ನಿಂತೇ ಪರೀಕ್ಷೆ ಮಾಡುವಾಗ ಮುಚ್ಚಿದ ಗಾಜನ್ನೇ ಮೋಟರು ದಬ್ಬುತ್ತ ಫ್ಯೂಸು ಹಾರುತ್ತಿತ್ತು. ಒಂದೇ ದಿನ ಮೂರು ಹಾರಿದವು. ಕಟ್ಟೆಯ ಮೇಲಿನವರಿಗೆ ಹೊತ್ತು ಕಳೆಯಲು ಅಷ್ಟು ಸಾಕಾಯಿತು. “ಮಗಳು ಹಚ್ಚಿದ ಮೋಟರ್, ಪಟಾಕಿ ಹಾರಸ್ತದ ನೋಡ್ರಿ.”

ಮುಂದಿನ ವಾರ ಬಂದಾಗ ಫ್ಯೂಸು ಹಾರುವುದು ನಿಂತಿತ್ತು. ಡಬ್ಬಿ ತೆಗೆದು ನೋಡಿದರೆ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ. ಹೊಲದ ಪಂಪಿಗೆ ನಮ್ಮ ಊರಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ; ಎಳೆ ಸುತ್ತಿದರೆ ರಾತ್ರಿ ಎದ್ದು ಹೋಗುವ ಕೆಲಸವಿಲ್ಲ.

“ಹತ್ತು ವರ್ಷ ಆತು, ಪಂಪ್ ಸುಟ್ಟೈತೇನು?” ಎಂದ ಅಪ್ಪ.

ಮಕ್ಕಳಿಗೆ ಪ್ರತಿ ವರ್ಷ ಫ್ಯೂಸಿನ ಪಾಠ ಮಾಡುವವಳು ನಾನು. ಅಂದು ಸುಮ್ಮನಾದೆ. ಕಟ್ಟೆಯವರ ಮಾತು ಕೇಳಿ ಸಾಕಾಗಿತ್ತು ಎಂಬುದೇ ನಿಜ. ಅಮಾವಾಸ್ಯೆಗೆ ಮೂರು ದಿನ ಇತ್ತು, ಆ ಮೂರೂ ದಿನ ತಾಮ್ರ ಅಲ್ಲೇ ಇತ್ತು. ಮುನ್ನಾದಿನ ಸಂಜೆ ಗಾಡಿ ತೊಳೆಯುವಾಗ ಮೋಟರಿನಿಂದ ಸುಟ್ಟ ಕಮರು ವಾಸನೆ ಬಂತು. ಆಗ ಎಳೆ ಕಿತ್ತೆಸೆದು ಸಣ್ಣ ಫ್ಯೂಸು ಹಾಕಿದೆ. ಅಪ್ಪನಿಗೆ ಹೇಳಿದಾಗ ಅವನು ಮುಖ ತಿರುಗಿಸಿದ.

“ನಾಳೆ ದಾರ್ಯಾಗ ಹಾರಲಿ, ನಿಮ್ಮ ಆಯಿ ಚಾವಿ ಬಾವ್ಯಾಗ ಒಗೀತಾಳ.”

ಅಮಾವಾಸ್ಯೆಯ ಬೆಳಿಗ್ಗೆ ಆಯಿ ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟಳು. ಹಿಂದೆ ಆಯಿ, ಅವ್ವ, ನೆರೆಮನೆಯ ಇಬ್ಬರು ಹೆಂಗಸರು, ರೊಟ್ಟಿ ಕಡಬುಗಳ ಬುಟ್ಟಿಗಳು. ಮುಂದೆ ನಾನು, ತೊಡೆಯ ಮೇಲೆ ಕಾಳು ಸೊಪ್ಪು ಬೇಯಿಸಿದ ಭಜ್ಜಿಯ ಪಾತ್ರೆ. ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ಮೊದಲು ಅದಕ್ಕೆ ಧೂಳು ಮುಟ್ಟಬಾರದು. ಗಾಜು ತೆರೆದಿತ್ತು, ಅಪ್ಪ ಹಿಂದಿನವರ ಜೊತೆ ಮಾತಾಡುತ್ತ ಹುರುಪಿನಲ್ಲಿದ್ದ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಕಂಡಿತು, ಅದರ ಹಿಂದೆ ಧೂಳಿನ ಗೋಡೆ. ಅಪ್ಪ ಕಣ್ಣು ರಸ್ತೆಯ ಮೇಲಿಟ್ಟೇ ಗುಂಡಿ ಒತ್ತಿದ.

ಅದೇ ಗಳಿಗೆಗೆ ಆಯಿಯ ಕೈ ಒಳಗೆ ಬಂತು. ನನಗೆ ತಿಳಿದಂದಿನಿಂದ ಆಯಿ ಹಾಗೇ ಮಾಡುತ್ತಾಳೆ: ಹಿಂದೆ ಕೂತು ಎಲೆ ಅಡಕೆ ಮಡಿಸಿ, ಆ ಗಾಜಿನ ಸಂದಿನಿಂದಲೇ ಮಗನಿಗೆ ಕೊಡುತ್ತಾಳೆ. ತಂತಿಯ ಉದ್ದ, ಗಾಲಿಯ ಅಡ್ಡಳತೆ ಎಲ್ಲ ಅಳೆದಿದ್ದ ನಾನು ಆ ಕೈಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಗಾಜು ಅವಳ ಬೆಳ್ಳಿಯ ಕಡಗಕ್ಕೆ ತಾಗಿ ಒತ್ತಿತು. ಟ್ರ್ಯಾಕ್ಟರಿನ ಸದ್ದಿನಲ್ಲಿ ಆಯಿ ಕೂಗಿದಳೋ ಇಲ್ಲವೋ ಕೇಳಲಿಲ್ಲ. ಕಡಗ ಬಾಗುವುದು ಕಂಡಿತು. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಚಿಟಕ್ಕೆಂದು ಸದ್ದಾಯಿತು. ಮೋಟರಿನ ಗುರ್ರೆನ್ನುವ ಸ್ವರ ನಿಂತಿತು. ಫ್ಯೂಸು ಹಾರಿತ್ತು.

ಆದರೆ ಗಾಜು ಹಿಂದೆ ಸರಿಯದು. ಕರೆಂಟಿಲ್ಲದ ಮೋಟರು ಬೀಗದ ಹಾಗೆ ಹಿಡಿದುಕೊಂಡಿತ್ತು. ನಾನು ಭಜ್ಜಿಯ ಪಾತ್ರೆಯನ್ನು ಕಾಲ ಬುಡಕ್ಕೆ ತಳ್ಳಿ, ತಿರುಗಿ, ಉಸ್ತಾದರ ಎರಡು ಕಿವಿಯ ನಟ್ಟನ್ನು ಬೆರಳಿನಿಂದ ತಿರುವಿದೆ. ಮೂರು ಸುತ್ತು. ಗಾಜು ಬೆಣ್ಣೆಯ ಹಾಗೆ ಸರಿಯಿತು. ಅಪ್ಪ ಗಾಡಿ ಬದಿಗೆ ನಿಲ್ಲಿಸಿದ್ದ.

ಆಯಿಯ ಕೈ ಇನ್ನೂ ಒಳಗೇ ಇತ್ತು, ಬೆರಳುಗಳಲ್ಲಿ ಎಲೆಯೂ ಇತ್ತು.

“ಮೊದಲ ಇದನ್ನ ತಗೋ,” ಎಂದಳು. “ಕೈ ಸೋತಾವು.”

ಮಣಿಕಟ್ಟಿನ ಮೇಲೆ ಕೆಂಪು ಗೆರೆ, ಅಷ್ಟೇ. ಬೆರಳುಗಳನ್ನು ಮಡಿಚಿ ಬಿಚ್ಚಿ ತೋರಿಸೆಂದು ನಾನು ನಾಲ್ಕು ಸಲ ಕೇಳಿದೆ. ನಾಲ್ಕನೆಯ ಸಲಕ್ಕೆ “ಸಾಲಿ ಮಕ್ಕಳ ಗತಿ ಕವಾಯತ್ ಮಾಡಸ್ತಿಯೇನು?” ಎಂದು ಬೈದಳು. ಆ ಬೈಗುಳ ಕೇಳಿ ನನ್ನ ಉಸಿರು ನೆಲೆಗೆ ಬಂತು. ತಾಮ್ರದ ಎಳೆ ಇನ್ನೊಂದು ದಿನ ಇದ್ದಿದ್ದರೆ ಎಂಬುದನ್ನು ಹೊಲ ಮುಟ್ಟುವವರೆಗೂ ಯೋಚಿಸದಿರಲು ನೋಡಿದೆ, ಆಗಲಿಲ್ಲ. ಅಪ್ಪನೂ ಅದನ್ನೇ ಯೋಚಿಸುತ್ತಿದ್ದನೆಂದು ಕಾಣುತ್ತದೆ. ಎಲೆ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಗಾಡಿ ಓಡಿಸಿದ.

ಚರಗ ಚೆಲ್ಲಿ, ಉಂಡು, ಸಂಜೆ ಮನೆಗೆ ಬಂದೆವು. ಅಪ್ಪ ತಾನಾಗಿಯೇ ಹೋಗಿ ಆಯಿಯ ಮುಂದೆ ಚಾವಿ ಇಟ್ಟ. ನಾನು ಬಾಗಿಲಲ್ಲಿ ನಿಂತು ತಪ್ಪು ನನ್ನದೆಂದು ಹೇಳಿದೆ: ಒತ್ತಿದಲ್ಲೇ ನಿಲ್ಲುವ ಗುಂಡಿ ಹಾಕಬಾರದಿತ್ತು, ಬೆರಳು ಎತ್ತಿದೊಡನೆ ನಿಲ್ಲುವಂಥದ್ದು ಹಾಕಬೇಕಿತ್ತು, ನಾಳೆಯೇ ಆಳಂದಕ್ಕೆ ಹೋಗಿ ಬದಲಿಸುತ್ತೇನೆ.

ಆಯಿ ಬಾಗಿದ ಕಡಗವನ್ನು ಹಲಗೆಯ ಮೇಲಿಟ್ಟು ಅಡಕೆ ಕುಟ್ಟುವ ಕಲ್ಲಿನಿಂದ ಮೆಲ್ಲಗೆ ಬಡಿಯುತ್ತಿದ್ದಳು.

“ಗಾಡಿ ಆ ಕಡೆ ಈ ಕಡೆ ಸರೀತೇನು ಇವತ್ತು?”

“ಇಲ್ಲ ಆಯಿ.”

“ಕಣ್ಣು ರೋಡ್ ಬಿಟ್ಟಾನೇನು?”

“ಇಲ್ಲ.”

“ಮತ್ತ ಚಾವಿ ನನ್ನ ಮುಂದ ಯಾಕ?” ಕಡಗವನ್ನು ಕೈಗೇರಿಸಿ ನೋಡಿದಳು, ಪೂರ್ತಿ ದುಂಡಗಾಗಿರಲಿಲ್ಲ. ಅಪ್ಪನ ಕಡೆ ತಿರುಗಿದಳು. “ನಾಳೆ ಮಗಳ ಗುಂಡಿ ಬದಲಿ ಮಾಡ್ಸು. ನಾಡಿದ್ದು ಇಜೇರಿಗೆ ನಿಮ್ಮ ಅಕ್ಕನ ಮನಿಗೆ ಹೋಗೂಣು. ಇನ್ನ ಗಾಜು ಮುಚ್ಚೂ ಮುಂದ ಒಂದು ಮಾತು ಒದರು.”

ಅಪ್ಪ ಚಾವಿ ಎತ್ತಿಕೊಂಡ. ಮರುದಿನ ಉಸ್ತಾದರು ಹೊಸ ಗುಂಡಿ ಕೂರಿಸುತ್ತ ಎಲ್ಲ ಕೇಳಿಸಿಕೊಂಡು, ನನ್ನ ಚಿತ್ರಕ್ಕೆ ಮೂವತ್ತೈದು ಮಾರ್ಕ್ಸ್ ಕೊಟ್ಟರು. ಪಾಸಾದೆ.

ಈಗ ಅಪ್ಪ ಗುಂಡಿ ಮುಟ್ಟುವ ಮೊದಲು “ಕೈ” ಎನ್ನುತ್ತಾನೆ. ಹಿಂದೆ ಬರೀ ತೊಗರಿ ಚೀಲಗಳಿದ್ದರೂ ಎನ್ನುತ್ತಾನೆ.